ಯಲ್ಲಕ್ಕನಿಗೆ ಬೇಕಿದ್ದ ಎರಡನೇ ಒಲೆ

ಜನ ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ವಿರಳವಾಗಿ ಯಾಕಿರುತ್ತಾರೆ ಎಂದರೆ ಪುಸ್ತಕದವರು ಮಳೆ, ಮಣ್ಣು, ರಸ್ತೆ ಎನ್ನುತ್ತಾರೆ. ತಾಳ್ಯದ ಕಡೆಯ ಗೊಲ್ಲರಹಟ್ಟಿಗಳಲ್ಲಿ ಇನ್ನೊಂದು ಕಾರಣವಿತ್ತು. ಮುಟ್ಟಾದ ಹೆಂಗಸು ಹಟ್ಟಿಯ ಹೊರಗೆ ಕೂರಬೇಕು, ಒಲೆ ಮುಟ್ಟಬಾರದು. ಹಟ್ಟಿಯಲ್ಲಿ ಗಂಡಸು ಒಲೆ ಮುಂದೆ ಕೂರುವವನಲ್ಲ, ಹಾಗಾಗಿ ಗಂಡ ಹೆಂಡತಿ ಇಬ್ಬರಿಗೂ ನೆರೆಮನೆಯವರೇ ಬೇಯಿಸಿ ಹಾಕಬೇಕು. ಕೆಟ್ಟ ಪದ್ಧತಿ, ಅನುಮಾನವಿಲ್ಲ. ಅದರಿಂದಾಗಿ ಒಂಟಿಮನೆ ಎಂಬುದೇ ಇರಲಿಲ್ಲ. ಗುಡಿಸಲುಗಳು ಒಂದರ ಮೇಲೊಂದು ಬಿದ್ದಂತಿದ್ದವು, ಸುತ್ತಲ ಬಯಲು ಖಾಲಿ.

೧೯೭೪ರಲ್ಲಿ ಯಲ್ಲಕ್ಕನ ಗಂಡ ಜುಂಜಯ್ಯನಿಗೆ ಸರ್ಕಾರದಿಂದ ಜಮೀನು ಮಂಜೂರಾಯಿತು. ಹಟ್ಟಿಯಿಂದ ಐದಾರು ಮೈಲಿ. ಓರಗಿತ್ತಿಯರ ನಡುವೆ ಕಾಲು ಚಾಚಲು ಜಾಗವಿಲ್ಲದ ಯಲ್ಲಕ್ಕ ಅಲ್ಲೇ ಮನೆ ಮಾಡೋಣವೆಂದು ಹಟ ಹಿಡಿದಳು.

“ನೀನು ಹೊರಗೆ ಕುಂತ್ರೆ ನನಗೆ ಮುದ್ದೆ ಯಾರು ತಿರುವ್ತಾರೆ?”

“ನಿನಗೇನು ಕೈ ಇಲ್ವಾ?”

“ಹಟ್ಟಿ ನಗ್ತೈತೆ ಕಣೇ.”

“ಅಲ್ಲಿ ನಕ್ಕಿದ್ದು ಇಲ್ಲಿಗೆ ಕೇಳಲ್ಲ.”

ಹೋದರು. ಮೊದಲ ತಿಂಗಳೇ ಅವಳು ಹೊಲದಂಚಿನ ಹುಣಸೆಮರದಡಿ ಕೂತು, “ಎಸರು ಕುದೀಲಿ, ಆಮೇಲೆ ಹಿಟ್ಟು ಹಾಕು” ಎಂದು ಕೂಗಿದಳು. ಹೊಲದ ಆರಂಬ ಬಿಟ್ಟು ಬೇರೇನೂ ಅರಿಯದ ಜುಂಜಯ್ಯನ ಮುದ್ದೆ ಬರೀ ಗಂಟು. ನಾಯಿ ಮೂಸಿ ಹೋಯಿತು.

“ಮುಂದಿನ ತಿಂಗಳೊಳಗೆ ಇಲ್ಲಿ ಇನ್ನೊಂದು ಮನೆ ಒಲೆ ಹೊತ್ತಬೇಕು. ಇಲ್ಲಾಂದ್ರೆ ವಾಪಸ್ ಹೋಗಾಣ” ಎಂದ ಜುಂಜಯ್ಯ.

ಯಲ್ಲಕ್ಕ ಹೊಸದುರ್ಗದ ಸಂತೆಗೆ ಹೋದಳು. ಅಲ್ಲಿ ಬಾಗೂರು ಕಡೆಯ ಗೊಲ್ಲರಹಟ್ಟಿಯ ಮುದ್ದಕ್ಕ ಸಿಕ್ಕಳು. ಅವಳ ಗಂಡ ಗೊಲ್ಲಪ್ಪನಿಗೆ ಕುರಿ ಇತ್ತು, ನೆಲವಿರಲಿಲ್ಲ.

“ಮನೆಗೆ ಜಾಗ ಕೊಡ್ತೀನಿ ಬರ್ರಿ. ಕುರಿ ಮಂದೆ ನಮ್ಮ ಹೊಲದಾಗೆ ನಿಲ್ಲಿಸ್ರಿ, ಗೊಬ್ಬರ ನಮಗೆ.”

“ನೀರು ಐತಾ?”

“ಹಳ್ಳದಾಗೆ ಒರತೆ ಐತೆ.”

“ಜನ?”

“ನೀವು ಬಂದ್ರೆ ಜನಾನೂ ಇರ್ತಾರೆ.”

ಮುದ್ದಕ್ಕ ದನಿ ತಗ್ಗಿಸಿದಳು. “ನಿಂದು ಯಾವಾಗ ಯಕ್ಕ?”

“ಅಮಾಸೆ ಹಿಂದೆಮುಂದೆ.”

“ನಂದು ಹುಣ್ಣಿಮೆ ಕಡೆ. ಹಂಗಾದ್ರೆ ಬರ್ತೀವಿ.”

ಬಂದರು. ಕೆಲವು ತಿಂಗಳು ಒಬ್ಬಳು ಹೊರಗಾದಾಗ ಇನ್ನೊಬ್ಬಳು ಬೇಯಿಸಿದಳು. ಆಮೇಲೆ ದಿನಗಳು ಹಿಂದೆಮುಂದಾಗಿ ಲೆಕ್ಕ ತಪ್ಪಿತು. ಇಬ್ಬರೂ ಒಂದೇ ದಿನ ಹುಣಸೆಮರದಡಿ ಕೂತರು. ಜುಂಜಯ್ಯ ಗಂಟುಮೂಟೆ ಕಟ್ಟಲು ಎದ್ದ.

“ಕುಂತ್ಕಳಪ್ಪ” ಎಂದ ಗೊಲ್ಲಪ್ಪ. “ಕುರಿ ಹಿಂದೆ ತಿಂಗಳುಗಟ್ಟಲೆ ಹೋಗ್ತೀನಿ. ನನಗೇನು ಕುರಿ ಮುದ್ದೆ ತಿರುವ್ತಾವಾ? ಕೋಲು ಹಿಡಿ, ಹೇಳ್ಕೊಡ್ತೀನಿ.”

ಗಂಡಸರಿಬ್ಬರೂ ಬೆವರು ಸುರಿಸಿ ತಿರುವಿ, ಮರದಡಿಗೆ ಮುದ್ದೆ, ಸಾರು ಒಯ್ದರು. ಯಲ್ಲಕ್ಕ ಒಂದು ತುತ್ತು ಮುರಿದು ನುಂಗಿದಳು.

“ಗಂಟಿಲ್ಲ. ಸಾರಿಗೆ ಉಪ್ಪು ಕಮ್ಮಿ.”

“ನಾಳೆ ಸರಿಯಾಗಿ ಹಾಕ್ತೀನಿ ಬಿಡು” ಎಂದ ಜುಂಜಯ್ಯ, ಮತ್ತೆ ಒಲೆಯತ್ತ ನಡೆದ.