ಶೈಲಜಾಬಾಯಿಯ ಮೂರು ದಿನ

ನಾಗಪುರದ ಪ್ರತಾಪನಗರದ ಆ ಮೂರಂತಸ್ತಿನ ಕಟ್ಟಡದಲ್ಲಿ ಮುಟ್ಟಿನ ಮೈಲಿಗೆಯನ್ನು ಶ್ರದ್ಧೆಯಿಂದ ಪಾಲಿಸುತ್ತಿದ್ದವರು ಶೈಲಜಾಬಾಯಿ. ಅದನ್ನು ಉಗ್ರವಾಗಿ ವಿರೋಧಿಸುತ್ತಿದ್ದವರು ಅವರ ಗಂಡ ವಾದಿರಾಜರಾಯರು. ಕೇಳಿದವರಿಗೆ ಇದು ತಿರುವುಮುರುವಾದಂತೆ ಅನ್ನಿಸುತ್ತಿತ್ತು. ಆ ಮೂರು ದಿನ ಅಡುಗೆ ಮಾಡುವವರು ಯಾರು ಎಂದು ಒಂದು ಮಾತು ಕೇಳಿದ್ದರೆ ಎಲ್ಲ ಸರಿಯಾಗಿ ಅರ್ಥವಾಗುತ್ತಿತ್ತು.

ಶೈಲಜಾಬಾಯಿ ಮದುವೆಯಾಗಿ ಬಿಜಾಪುರದಿಂದ ನಾಗಪುರಕ್ಕೆ ಬಂದಾಗ ಮನೆಯಲ್ಲಿ ಅತ್ತೆ ಇದ್ದರು. ಹೊರಗಾದ ಸೊಸೆಗೆ ಹಿಂದಿನ ಕೋಣೆ, ಒಂದು ಚಾಪೆ, ಅಂಚು ನೆಗ್ಗಿದ ಒಂದು ತಾಟು. ಅತ್ತೆಯ ಮೈಲಿಗೆ ಕೆಲಸ ನೋಡಿ ತಟ್ಟುತ್ತಿತ್ತು. ಒಲೆಗೆ ತಟ್ಟುತ್ತಿತ್ತು, ದೇವರ ಮಂಟಪಕ್ಕೆ ತಟ್ಟುತ್ತಿತ್ತು. ಗೋದಿ ಹಸನು ಮಾಡಲಿಕ್ಕೆ, ಶೇಂಗಾ ಸುಲಿಯಲಿಕ್ಕೆ, ಕೌದಿ ಹೊಲಿಯಲಿಕ್ಕೆ ತಟ್ಟುತ್ತಿರಲಿಲ್ಲ. ಮೂರು ದಿನ ಕೂತವಳು ನಾಲ್ಕನೆಯ ದಿನ ಏಳುವಾಗ ಸೊಂಟ ಹಿಡಿದುಕೊಂಡೇ ಏಳಬೇಕಾಗುತ್ತಿತ್ತು.

ಅತ್ತೆ ತೀರಿಹೋದ ಮೇಲೆ ಶೈಲಜಾಬಾಯಿ ಈ ಪದ್ಧತಿಯೂ ಅವರ ಹಿಂದೆಯೇ ಹೋಯಿತೆಂದುಕೊಂಡರು. ರಾಯರು ಒಪ್ಪಲಿಲ್ಲ. ಮನೆಯಲ್ಲಿ ಸಾಲಿಗ್ರಾಮ ಇತ್ತು, ತಾಯಿಯ ಮಾತಿತ್ತು. “ನಮ್ಮ ಅವ್ವ ನಡೆಸಿಕೊಂಡು ಬಂದದ್ದು ನಡೀಲಿ” ಎಂದು ತಾವೇ ಸೌಟು ಹಿಡಿದರು. ಮೊದಲ ತಿಂಗಳು ಮೂರೂ ಹೊತ್ತು ಅವಲಕ್ಕಿ. ಆಮೇಲೆ ಅನ್ನ ಬಂತು, ಸಾರು ಬಂತು. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಚಪಾತಿಯೂ ಬಂತು. ಅದಕ್ಕೆ ಮಹಾರಾಷ್ಟ್ರದ ನಕಾಶೆಯ ಆಕಾರವಿದ್ದರೂ ಬೆಂದಿರುತ್ತಿತ್ತು.

ಹಿಂದಿನ ಕೋಣೆಯ ಚಾಪೆಯ ಮೇಲೆ ಶೈಲಜಾಬಾಯಿ ಒಂದು ಹೊಸ ಸಂಗತಿ ಕಂಡುಕೊಂಡರು. ಬೇರೆಯವರು ಮಾಡಿದ ಚಹಾ ಕಪ್ಪಿನಲ್ಲಿ ಬಿಸಿಯಾಗಿಯೇ ಕೈಗೆ ಬರುತ್ತದೆ. ಬಿಸಿ ಅನ್ನದ ಮೇಲೆ ಬೇರೆಯವರು ಹಾಕಿದ ತುಪ್ಪಕ್ಕೆ ರುಚಿ ಹೆಚ್ಚು. ಗ್ರಂಥಾಲಯದಿಂದ ತಂದ ಮರಾಠಿ ಕಾದಂಬರಿಯನ್ನು ಕುಕ್ಕರಿನ ಸೀಟಿ ಎಣಿಸದೆ ಓದಬಹುದು. ಚಾಪೆ ಹೋಗಿ ಮಂಚ ಬಂತು. ನೆಗ್ಗಿದ ತಾಟು ಗುಜರಿಯವನ ಪಾಲಾಯಿತು. ಕಿಟಕಿಗೆ ಪರದೆ ಬಂತು.

ಐವತ್ತೆರಡರ ಹೊತ್ತಿಗೆ ಮುಟ್ಟು ನಿಂತಿತು. ಮೊದಲು ಒಂದು ತಿಂಗಳು ತಪ್ಪಿತು, ಮತ್ತೆ ಬಂತು, ಆಮೇಲೆ ಬರಲೇ ಇಲ್ಲ. ಶೈಲಜಾಬಾಯಿ ಹೊತ್ತಿಗೆ ಎಂದೂ ಬಾರದ ಬುಟಿಬೋರಿಯ ಬಸ್ಸಿಗೆ ಕಾದವರಂತೆ ಕಾದರು. ಒಂದು ಬೆಳಿಗ್ಗೆ, ರಾತ್ರಿಯೆಲ್ಲ ಮೊಣಕಾಲು ನೊಂದು ನಿದ್ದೆಗೆಟ್ಟಿದ್ದ ಬೆಳಿಗ್ಗೆ, ರಾಯರು “ಚಹಾ ಆತೇನು?” ಎಂದರು. ಶೈಲಜಾಬಾಯಿಯ ನಾಲಿಗೆ ತಾನಾಗಿ ಹೇಳಿತು: “ನಾ ಹೊರಗಾಗೀನ್ರೀ.” ಆಕಾಶ ಕಳಚಿ ಬೀಳಲಿಲ್ಲ. ಸ್ವಲ್ಪ ಹೊತ್ತಿಗೆ ಚಹಾ ಬಂತು.

ಅಂದಿನಿಂದ ಅದು ನಡೆದೇ ಇತ್ತು. ಸುಳ್ಳು ಹೌದು, ಆದರೆ ಶಿಸ್ತಿನ ಸುಳ್ಳು. ತಿಂಗಳಿಗೆ ಒಂದೇ ಸಲ, ಮೂರೇ ದಿನ. ದೀಪಾವಳಿಯಲ್ಲಿ ಎಂದೂ ಇಲ್ಲ. ನೆಂಟರು ಬಂದಾಗ ಎಷ್ಟೇ ಆಸೆಯಾದರೂ ಇಲ್ಲ.

ಈ ನಡುವೆ ರಾಯರು ಕೇಂದ್ರ ಸರಕಾರದ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದರು. ಮೊದಲು ಆಫೀಸಿಗೆ ಹೋಗುವ ಗಡಿಬಿಡಿಯಲ್ಲಿ ಎರಡು ಪದಾರ್ಥ ಮಾಡಿಟ್ಟರೆ ಮುಗಿಯುತ್ತಿತ್ತು. ಈಗ ಮನೆಯಲ್ಲೇ ಇರುವುದರಿಂದ ಸಂಜೆಯ ಫಳಾರವೂ ಅವರ ಪಾಲಿಗೇ ಬಂತು. ಆಗಲೇ ಮೇಲಿನ ಮನೆಯ ಬಸವೇಶ್ವರಿ ರಾಯರನ್ನು ಒಂದು ಸಭೆಗೆ ಕರೆದಳು. ಅವಳ ಗಂಡನಿಗೆ ಕಳಮನಾ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ. ಬಸವೇಶ್ವರಿ ಮಾತ್ರ ಮುಟ್ಟಿನ ಬಗ್ಗೆ ತಿಳಿವಳಿಕೆ ಹೇಳುವ ವಿದರ್ಭ ಋತು ಆರೋಗ್ಯ ಜಾಲದ ಕಾರ್ಯಕರ್ತೆ. ಗಂಡಸರಿಗಾಗಿ ಕರೆದ ಆ ಸಭೆಯಿಂದ ರಾಯರು ಸಮಾಜ ಸುಧಾರಕರಾಗಿ ಮರಳಿದರು.

“ಶೈಲಾ, ಇದೆಲ್ಲಾ ಅವೈಜ್ಞಾನಿಕ. ನೀ ಆ ಮೂರು ದಿನಾನೂ ಒಳಗ ಬಾ. ಧಾರಾಳ ಬಾ. ಅಡಗಿ ಮಾಡು.”

“ಅಯ್ಯ, ಅತ್ತಿಯವರ ಆತ್ಮ ಏನಂದೀತು?”

“ಅವ್ವಗ ನಾ ತಿಳಿಸಿ ಹೇಳ್ತೀನಿ.”

“ಸಾಲಿಗ್ರಾಮ ಅದ್ರೀ ಮನಿಯೊಳಗ,” ಎಂದು ಶೈಲಜಾಬಾಯಿ ಕಾದಂಬರಿಯ ಪುಟ ತಿರುವುತ್ತಿದ್ದರು.

ಬಸವೇಶ್ವರಿಗೆ ಇದು ಅರ್ಥವಾಗುತ್ತಿರಲಿಲ್ಲ. “ನಮ್ಮ ಮನ್ಯಾಗ ಈ ಸೂತಕ ಪಾತಕ ಏನೂ ಇಲ್ಲ ಅಕ್ಕಾರ. ಹೊಟ್ಟಿ ಹಿಂಡತಿದ್ರೂ ರೊಟ್ಟಿ ಬಡೀತೇನಿ,” ಎನ್ನುತ್ತಿದ್ದಳು ಹೆಮ್ಮೆಯಿಂದ.

“ಹಂಗಾರ ನಿನಗ ರಜಾನೂ ಇಲ್ಲ ಅನ್ನು,” ಎಂದರು ಶೈಲಜಾಬಾಯಿ.

ಜಾಲಕ್ಕೆ ಐದು ವರ್ಷ ತುಂಬಿತು. ಅದಕ್ಕೆ ಹಣ ಕೊಡುತ್ತಿದ್ದ ಸಂಸ್ಥೆ, ಕೆಲಸ ಎಷ್ಟರಮಟ್ಟಿಗೆ ಆಗಿದೆ ನೋಡಿಕೊಂಡು ಬರಲು ನಿಕಿತಾ ಎಂಬ ಹುಡುಗಿಯನ್ನು ಕಳಿಸಿತು. ಬೆಂಗಳೂರಿನವಳು, ಸಾರ್ವಜನಿಕ ಆರೋಗ್ಯ ಓದಿದವಳು. ಬುಟಿಬೋರಿಯ ಕಾರ್ಖಾನೆಗಳ ಹುಡುಗಿಯರನ್ನು, ಊರಂಚಿನ ವಾಡಿಯ ಟ್ರಕ್ಕು ಚಾಲಕರ ಹೆಂಡಿರನ್ನು ಮಾತಾಡಿಸಿ ಬಂದಿದ್ದಳು. “ಈಗಲೂ ಹೊರಗೆ ಕೂರೋ ಪದ್ಧತಿ ಇರೋ ಮನೆ ಒಂದಾದರೂ ತೋರಿಸಿ” ಎಂದು ಬಸವೇಶ್ವರಿಯನ್ನು ಕೇಳಿದಳು. ಅಷ್ಟರಲ್ಲಿ ಕೆಳಗಿನ ಮನೆಯಿಂದ ಸೀದ ಒಗ್ಗರಣೆಯ ವಾಸನೆ ಬಂತು. “ಬರ್ರಿ, ಇವತ್ತ ರಾಯರದ ಅಡಗಿ ಐತಿ,” ಎಂದು ಬಸವೇಶ್ವರಿ ಅವಳನ್ನು ಕರೆದುಕೊಂಡು ಇಳಿದಳು.

ರಾಯರು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡೇ ಬಾಗಿಲು ತೆರೆದರು. ಶೈಲಜಾಬಾಯಿ ಹಿಂದಿನ ಕೋಣೆಯ ಹೊಸ್ತಿಲ ಆಚೆ ಕುರ್ಚಿಯಲ್ಲಿದ್ದರು. ನಿಕಿತಾ ಹೊಸ್ತಿಲ ಈಚೆ ಕೂತು ಟ್ಯಾಬ್ ತೆರೆದಳು. ಪ್ರಶ್ನೆ ಶೈಲಜಾಬಾಯಿಗೆ ಕೇಳಿದರೆ ಉತ್ತರ ಅಡುಗೆಮನೆಯ ಬಾಗಿಲಿನಿಂದ ಬರುತ್ತಿತ್ತು.

“ನಾ ಎಷ್ಟು ಹೇಳಿದರೂ ಕೇಳೂದಿಲ್ಲ ಈಕಿ. ರಕ್ತ ಅಂದ್ರ ರಕ್ತ. ಅದರಾಗ ಮೈಲಿಗಿ ಎಲ್ಲಿಂದ ಬಂತು? ನಾ ಅಂತೂ ಈ ಮೈಲಿಗಿ ಸುತರಾಂ ನಂಬೂದಿಲ್ಲ. ಬರಕೋ ಬೇಕಾದ್ರ.”

“ಬರ್ಕೋತೀನಿ ಅಂಕಲ್. ಆಂಟಿ, ನಿಮ್ಮ ವಯಸ್ಸು?”

“ಐವತ್ನಾಲ್ಕು,” ಎಂದರು ರಾಯರು.

“ಈಗಲೂ ಪ್ರತಿ ತಿಂಗಳು ಆಗುತ್ತಾ?”

“ಬರೋಬರ್!” ರಾಯರ ದನಿಯಲ್ಲಿ ಹೆಮ್ಮೆಯಿತ್ತು. “ನಮ್ಮ ಆಫೀಸಿನ್ಯಾಗ ಪಗಾರ ಹಿಂದ ಮುಂದ ಆದೀತು, ಇದು ಆಗಿಲ್ಲ.”

ನಿಕಿತಾ ಟ್ಯಾಬನ್ನು ತೊಡೆಯ ಮೇಲಿಟ್ಟಳು. “ಹೆದರಬೇಡಿ. ಕೆಲವರಿಗೆ ತಡವಾಗಿ ನಿಲ್ಲುತ್ತೆ. ಆದರೂ ಈ ವಯಸ್ಸಲ್ಲಿ ಒಂದು ಸಲ ಡಾಕ್ಟರಿಗೆ ತೋರಿಸೋದು ಒಳ್ಳೇದು. ಸ್ಕ್ಯಾನ್ ಮಾಡಿ ನೋಡ್ತಾರೆ.”

ರಾಯರ ಮುಖದ ಬಣ್ಣ ಇಳಿಯಿತು. “ಸ್ಕ್ಯಾನ್ ಯಾಕ? ಒಳಗ ಏನರ ಆಗಿರ್ತದೇನು?”

“ಏನೂ ಇಲ್ರೀ,” ಎಂದರು ಶೈಲಜಾಬಾಯಿ.

“ನಿನಗೇನು ಗೊತ್ತದ? ಇವತ್ತ ಹೋಗೂಣು. ಚಹಾ ಕುಡದು ಆಟೋ ಕರೀತೀನಿ.” ಒಳಗೆ ಚಹಾ ಉಕ್ಕುವ ಸದ್ದಾಯಿತು. ರಾಯರು ಓಡಿದರು.

ಮರಳಿ ಬಂದಾಗ ಕೈಯಲ್ಲಿ ಹಬೆಯಾಡುವ ಚಹಾದ ಪಾತೇಲಿಯಿತ್ತು. ಪಾತೇಲಿಯ ಎರಡೂ ಹಿಡಿಕೆಗಳಿಗೆ ಕೆಂಪು ಹೂವಿನ ದಪ್ಪ ಬಟ್ಟೆ ಸುತ್ತಿ ಒತ್ತಿದರೆ ಕೂಡಿಕೊಳ್ಳುವ ಟಿಚ್ ಬಟನ್ನು ಹಾಕಲಾಗಿತ್ತು. ಬಸವೇಶ್ವರಿಗೆ ಕೆಮ್ಮು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ.

ರಾಯರಿಗೆ ಎಲ್ಲರೂ ಅದನ್ನೇ ನೋಡುತ್ತಿರುವುದು ಕಂಡಿತು. “ಭಾಳ ಚಲೋ ವಸ್ತು ಇದು. ಡ್ರಾವರಿನ್ಯಾಗ ಸಿಕ್ತು. ಇಕ್ಕಳ ಜಾರ್ತದ, ಇದು ಜಾರೂದಿಲ್ಲ. ಕೈ ಸುಡೂದಿಲ್ಲ. ಯಾರೋ ತಲಿ ಓಡಿಸ್ಯಾರ.”

“ಯಾರೋ ಅಲ್ರಿ ರಾಯರ, ನಾವ,” ಎಂದಳು ಬಸವೇಶ್ವರಿ.

“ನಿಮ್ಮ ಜಾಲದವರು ಅಡಗಿ ಮನಿ ಸಾಮಾನೂ ಮಾಡ್ತೀರೇನು?”

“ಅವು ಅಡಗಿ ಮನೀವಲ್ರೀ. ತಿಂಗಳ ತಿಂಗಳ ಬಳಸೂ ಪ್ಯಾಡ್. ತೊಳದು ಮತ್ತ ಬಳಸೂ ಅಂಥಾವು. ಅಕ್ಕಾರಿಗೆ ನಾನ ಕೊಟ್ಟಿದ್ದೆ.”

ರಾಯರು ನಿಂತಲ್ಲೇ ನಿಂತರು. ಪಾತೇಲಿ ಬಿಡಬೇಕೆಂದರೆ ಚಹಾ ಚೆಲ್ಲುತ್ತದೆ. ಅದಕ್ಕಿಂತ ಹೆಚ್ಚಾಗಿ, ರಕ್ತದಲ್ಲಿ ಮೈಲಿಗೆ ಎಲ್ಲಿಂದ ಬಂತು ಎಂದು ಈಗಷ್ಟೇ ಬರೆಸಿದ್ದಾರೆ. ಸಣ್ಣ ದನಿಯಲ್ಲಿ ಕೇಳಿದರು: “ಹೊಸಾವು?”

“ಹೊಸಾವ್ರೀ,” ಎಂದರು ಶೈಲಜಾಬಾಯಿ.

ರಾಯರು ಉಸಿರುಬಿಟ್ಟರು. ಪಾತೇಲಿಯನ್ನು ಟೀಪಾಯಿಯ ಮೇಲಿಟ್ಟರು. ಆಗ ಅವರೊಳಗಿನ ಲೆಕ್ಕಪತ್ರ ವಿಭಾಗ ಎಚ್ಚೆತ್ತಿತು.

“ಬಸವೇಶ್ವರಿ, ನೀ ಇವನ್ನ ಯಾವಾಗ ಕೊಟ್ಟಿದ್ದಿಯವಾ?”

“ಹ್ವಾದ ವರ್ಷದ ಹಿಂದಿನ ವರ್ಷ.”

“ಹಂಗಾರ ಇನ್ನೂ ಹೊಸಾವು ಹ್ಯಾಂಗ ಉಳದಾವ?”

ಹಳೇ ಸೀರೆಯ ಬಟ್ಟೆಯೇ ರೂಢಿ ಎಂದು ಶೈಲಜಾಬಾಯಿ ಹೇಳಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಆಟೋ ಬರುತ್ತದೆ, ಸ್ಕ್ಯಾನ್ ಆಗುತ್ತದೆ. ಅದಕ್ಕಿಂತ, ಈಗಷ್ಟೇ ಬಣ್ಣಗೆಟ್ಟ ಆ ಮುಖ. ಹೆಂಡತಿಗೆ ಏನೋ ಆಗಿದೆಯೆಂದು ಈ ಮನುಷ್ಯ ಇಷ್ಟು ಹೆದರಿದ್ದನ್ನು ಅವರು ನೋಡಿರಲಿಲ್ಲ.

“ನಿಂತು ಎರಡು ವರ್ಷಾತ್ರೀ,” ಎಂದರು.

“ಏನು ನಿಂತು?”

“ಅದ.”

ರಾಯರು ಮೊದಲು ಕೇಳಿದ್ದು, “ಹಂಗಾರ ಸ್ಕ್ಯಾನ್ ಬ್ಯಾಡ?”

“ಬ್ಯಾಡ್ರೀ.”

“ಸದ್ಯ!” ಎಂದು ಕುರ್ಚಿಯಲ್ಲಿ ಕೂತರು. ಕೂತ ಮರುಕ್ಷಣ ಎದ್ದರು. “ಹಂಗಾರ ಇವತ್ತಿನ ಅಡಗಿ?”

“ನೀವು ಮಾಡಿದ್ದು.”

“ಹ್ವಾದ ತಿಂಗಳದು?”

“ಅದೂ ನೀವ.”

“ಜೂನಿನ್ಯಾಗ ನನಗ ಜ್ವರ ಬಂದಾಗ?”

“ಆಗ ನಾ ಒಂದು ದಿನ ಮೊದಲ ತಲಿ ಮ್ಯಾಲ ನೀರು ಹಾಕ್ಕೊಂಡು ಒಳಗ ಬಂದೆ. ನೆನಪಿಲ್ಲೇನು?”

“ಮೋಸ! ಚೊಕ್ಕ ಮೋಸ ಇದು!”

“ಮೋಸ ಹೌದ್ರೀ,” ಎಂದು ಶೈಲಜಾಬಾಯಿ ಪುಸ್ತಕ ಮುಚ್ಚಿದರು. “ನಿಮಗ ಅರವತ್ತಾದ ಕೂಡ್ಲೆ ಆಫೀಸಿನವರು ಶಾಲು ಹೊದಿಸಿ ಮನಿಗೆ ಕಳಿಸಿದರು. ನನ್ನ ಮೈಯೊಳಗಿಂದು ತಾನಾಗೇ ರಿಟೈರ್ ಆತು. ಅದರ ಬೆನ್ನ ಹಿಂದ ನನ್ನ ಮೂರು ದಿನಾನೂ ಹೋಗಬೇಕೇನು? ಸೊಂಟಾ ನೋಯೂದು ನಿಂತಿಲ್ಲ. ನೀವು ಉಣ್ಣೂದು ನಿಂತಿಲ್ಲ.”

“ಅದೆಲ್ಲಾ ಬ್ಯಾರೆ. ಮುಟ್ಟು ಇಲ್ಲ ಅಂದ್ರ ಹೊರಗ ಕೂಡೂದು ಇಲ್ಲ. ಮುಗೀತು. ಏಳು, ಒಳಗ ನಡಿ.”

ಶೈಲಜಾಬಾಯಿ ಏಳಲಿಲ್ಲ. ಪರದೆಯ ಕಡೆ ನೋಡಿದರು, ಮಂಚದ ಕಡೆ ನೋಡಿದರು, ಇದೆಲ್ಲ ಇವತ್ತಿಗೆ ಮುಗಿಯಿತೇನೋ ಎಂಬಂತೆ.

ನಿಕಿತಾ ಟ್ಯಾಬ್ ನೋಡುತ್ತ ಮೆಲ್ಲಗೆ ಕೇಳಿದಳು. “ಅಂಕಲ್, ಮೈಲಿಗೆ ನಂಬಲ್ಲ ಅಂತ ಬರೆಸಿದ್ದೀರಿ. ಬದಲಾಯಿಸ್ಲಾ?”

“ಯಾಕ ಬದಲಾಯಿಸ್ತಿ? ನಂಬೂದಿಲ್ಲ ಅಂದ್ರ ನಂಬೂದಿಲ್ಲ.”

“ನಂಬದೇ ಇದ್ರೂ ಪ್ರತಿ ತಿಂಗಳು ಅಡುಗೆ ಮಾಡಿದ್ದೀರಿ. ಅಂದರೆ ಮೈಲಿಗೆ ಅಂತ ಮಾಡಿದ್ದಲ್ಲ. ಆಂಟಿಗೆ ವಿಶ್ರಾಂತಿ ಸಿಗಲಿ ಅಂತ. ಹಾಗೇ ಬರೀಲಾ?”

ರಾಯರಿಗೆ ಮುಂದಿದ್ದ ಹಳ್ಳ ಕಂಡಿತು. ಸುತ್ತು ಹಾಕಲು ದಾರಿ ಕಾಣಲಿಲ್ಲ.

“ಇಂಥಾ ಗಂಡಸು ವಿದರ್ಭದಾಗ ಎಲ್ಲ್ಯಾರ ಸಿಕ್ಕಾರೇನವಾ?” ಬಸವೇಶ್ವರಿ ಮುಗ್ಧವಾಗಿ ಕೇಳಿದಳು.

“ಮೈಲಿಗೆ ಅಂತ ಅಡುಗೆ ಮಾಡೋರು ಸಿಕ್ಕಿದ್ದಾರೆ. ಏನೂ ಇಲ್ಲದೆ ಮಾಡೋರು ಇವರೊಬ್ಬರೇ.”

“ಮುಂದಿನ ಸಭಾಕ್ಕ ರಾಯರದ ಭಾಷಣ ಇಡೂಣಲ್ಲ.”

ರಾಯರು ಟವೆಲ್ಲನ್ನು ಹೆಗಲ ಮೇಲೆ ಸರಿಯಾಗಿ ಹಾಕಿಕೊಂಡರು. ಗಂಟಲು ಸರಿಮಾಡಿಕೊಂಡರು. “ಎಷ್ಟು ಹೊತ್ತು ಮಾತಾಡಬೇಕಾಗ್ತದ?” ಎಂದರು.

ನಿಕಿತಾಳ ಪ್ರಶ್ನೆಗಳಲ್ಲಿ ‘ಆ ದಿನಗಳಲ್ಲಿ ಮಹಿಳೆ ಅಡುಗೆಮನೆಗೆ ಹೋಗುತ್ತಾರೆಯೇ?’ ಎಂಬುದೊಂದಿತ್ತು. ಹೌದು ಎಂದರೆ ಜಾಲದ ಗೆಲುವು. ಅವಳು ಅದರ ಕೆಳಗೆ ಇನ್ನೊಂದು ಸೇರಿಸಿದಳು: ‘ಹೋಗಿ ಏನು ಮಾಡುತ್ತಾರೆ?’ ಬಸವೇಶ್ವರಿ ಅದನ್ನು ಓದಿ, ಯಾಕೋ ತನ್ನ ಸೊಂಟ ಮುಟ್ಟಿಕೊಂಡಳು.

ಮುಂದಿನ ತಿಂಗಳು ಆ ದಿನ ಬಂತು. ರಾಯರು ಪೇಪರು ಹಿಡಿದು ಕೂತಿದ್ದರು, ಓದುತ್ತಿರಲಿಲ್ಲ. ಶೈಲಜಾಬಾಯಿ ಎದ್ದು ಮುಖ ತೊಳೆದು ಬಂದರು. ಹೊರಗಾಗೀನಿ ಎನ್ನಲಿಲ್ಲ.

“ಇವತ್ತಿನಿಂದ ಮೂರು ದಿನ ನಾ ರಜಾ,” ಎಂದರು.

ಮೂವತ್ತೈದು ವರ್ಷ ಬೇರೆಯವರ ರಜೆಯ ಅರ್ಜಿ ನೋಡಿದ ಮನುಷ್ಯ ಕನ್ನಡಕದ ಮೇಲಿಂದ ನೋಡಿದರು. “ಕಾರಣ?”

“ಕಾರಣ ಏನೂ ಇಲ್ಲ.”

ಕಾರಣವಿಲ್ಲದ ಅರ್ಜಿಯನ್ನು ಅವರು ಎಂದೂ ಮಂಜೂರು ಮಾಡಿರಲಿಲ್ಲ. ಪೇಪರು ಮಡಚಿದರು. ಮತ್ತೆ ಬಿಚ್ಚಿದರು. ಮತ್ತೆ ಮಡಚಿ ಅಡುಗೆಮನೆಗೆ ಹೋದರು. ಗ್ಯಾಸು ಹೊತ್ತಿದ ಸದ್ದಾಯಿತು. ಶೈಲಜಾಬಾಯಿ ಮಂಚದ ಮೇಲೆ ಕಾಲು ಚಾಚಿ ಕಾದಂಬರಿ ತೆರೆದರು.

“ಶೈಲಾ, ಹೀರಿಕಾಯಿ ಸಿಪ್ಪಿ ತೆಗೀಬೇಕೋ ಬ್ಯಾಡೋ?”

ಶೈಲಜಾಬಾಯಿ ದಿಂಬು ಸರಿಮಾಡಿಕೊಂಡರು.

“ಶೈಲಾ, ಜೀರಗಿ ಡಬ್ಬಿ ಎಲ್ಲದ?”

“ಹೇಳೂದಕ್ಕೂ ರಜಾನ್ರೀ,” ಎಂದು ಶೈಲಜಾಬಾಯಿ ಪುಟ ತಿರುವಿದರು.

ಒಳಗೆ ಡಬ್ಬಿಗಳ ಮುಚ್ಚಳಗಳು ಒಂದೊಂದಾಗಿ ತೆರೆದುಕೊಳ್ಳತೊಡಗಿದವು.