ಅಜ್ಜಿಯ ಬಾವಿ, ನನ್ನ ಇಂಗ್ಲಿಷು

ಐವತ್ತರ ದಶಕದ ನಡುವಿನಲ್ಲಿ ನಾನೂ ನನ್ನ ತಾಯಿಯೂ ರಾಜಾಜಿನಗರಕ್ಕೆ ಬಾಡಿಗೆಗೆ ಬಂದಾಗ ಅಲ್ಲಿ ಮನೆಗಳಿಗಿಂತ ನಿವೇಶನದ ಗಡಿಕಲ್ಲುಗಳೇ ಹೆಚ್ಚಾಗಿದ್ದವು. ನಮ್ಮ ಮನೆಯ ಹಿಂದೆ ಒಂದು ರಾಗಿ ಹೊಲ, ಅದರ ಮೂಲೆಯಲ್ಲಿ ಕಲ್ಲು ಕಟ್ಟಿದ ಬಾವಿ. ಹೊಲ ಆಗಲೇ ಬಡಾವಣೆಗೆ ಹೋಗಿತ್ತು. ಅದರ ಒಡತಿ, ಎಪ್ಪತ್ತರ ಹತ್ತಿರದ ಅಜ್ಜಿ, ಪಕ್ಕದ ಮಣ್ಣಿನ ಮನೆಯಲ್ಲಿ ಒಬ್ಬರೇ ಇದ್ದರು. ಬೀದಿ ನಲ್ಲಿ ಬಹಳ ದೂರವಾದ್ದರಿಂದ ನನ್ನ ತಾಯಿಯೂ ಸುತ್ತಲಿನ ಹೆಂಗಸರೂ ಆ ಬಾವಿಯಿಂದಲೇ ನೀರು ಸೇದುತ್ತಿದ್ದರು.

ಬಾವಿ ತೋಡಿದ್ದು ಅಜ್ಜಿಯ ಗಂಡ. ಅವರು ಅಗೆದಂತೆಲ್ಲ ಹೊಸ ಮದುವಣಗಿತ್ತಿಯಾಗಿದ್ದ ಈಕೆ ಮಂಕರಿಯಲ್ಲಿ ಮಣ್ಣು ಹೊತ್ತು ಹಾಕಿದ್ದರಂತೆ. ಹೊಲ ಹೋದದ್ದರ ಬಗ್ಗೆ ಅಜ್ಜಿ ಹೆಚ್ಚು ಮಾತಾಡುತ್ತಿರಲಿಲ್ಲ. ಬಾವಿಯನ್ನು ಮಾತ್ರ ಮುಚ್ಚಬೇಡಿ, ನಾಲ್ಕು ಜನಕ್ಕೆ ನೀರಾಗುತ್ತದೆ ಎಂದು ಯಾರ ಕೈಯಲ್ಲೋ ಅರ್ಜಿ ಬರೆಸಿ ಬಡಾವಣೆಯ ಕಚೇರಿಗೆ ಕೊಟ್ಟು ಬಂದಿದ್ದರು.

ನಾನು ಆಗ ಪೇಟೆಯ ಒಂದು ಸಗಟು ಅಂಗಡಿಯಲ್ಲಿ ಇಂಗ್ಲಿಷ್ ಕಾಗದಗಳನ್ನು ಬರೆಯುವ ಗುಮಾಸ್ತ. ಇಂಟರ್‌ಮೀಡಿಯೆಟ್ ಪಾಸಾದ ಜಂಬ ತಲೆಯ ತುಂಬ ಇತ್ತು. ಹಾಗಾಗಿ ಒಂದು ಭಾನುವಾರ ಅಜ್ಜಿ ಕಚೇರಿಯಿಂದ ಬಂದ ಇಂಗ್ಲಿಷ್ ಕಾಗದವನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಾಗ, ನಿಂತ ಹಾಗೆಯೇ ಓದಿಬಿಟ್ಟೆ. ಅದರಲ್ಲಿದ್ದದ್ದು ಎರಡೇ ಸಾಲು. ಬಾವಿಯ ವಿಷಯ ಸೂಕ್ತ ಪರಿಶೀಲನೆಯಲ್ಲಿರುತ್ತದೆಂದು ನಿಮಗೆ ‘ಅಶ್ಯೂರ್’ ಮಾಡಲಾಗಿದೆ ಎಂಬುದು ಅದರ ಸಾರಾಂಶ. ಆ ಮಾತಿನೊಳಗೆ ‘ಶ್ಯೂರ್’ ಇದೆ, ಶ್ಯೂರ್ ಎಂದರೆ ಖಂಡಿತ. ನನಗೆ ಕಂಡದ್ದು ಅಷ್ಟೇ. ಬಾವಿ ಉಳಿಯುತ್ತದೆ ಎಂದು ಹೇಳಿಬಿಟ್ಟೆ.

“ಖಂಡಿತವಾ ಮಗ? ಹಂಗಂತ ಬರ್ದವ್ರಾ?”

“ಖಂಡಿತ ಅಂತಾನೇ ಬರ್ದಿದಾರೆ ಅಜ್ಜಿ.”

ಮರುದಿನ ಅಕ್ಕಪಕ್ಕದ ಹೆಂಗಸರನ್ನು ಕರೆದುಕೊಂಡು ದೊಡ್ಡ ಅಧಿಕಾರಿಯನ್ನು ಕಾಣಬೇಕೆಂದು ಅಜ್ಜಿ ಗೊತ್ತುಮಾಡಿದ್ದರು. ಹೋಗಬೇಕೋ ಬೇಡವೋ ಎಂದು ನನ್ನನ್ನೇ ಕೇಳಿದರು. ಮೇಲಿಂದ ಮೇಲೆ ಹೋದರೆ ಅವರಿಗೆ ಬೇಸರವಾದೀತು, ಬೇಡ ಎಂದೆ. ಅಜ್ಜಿ ಹೋಗಲಿಲ್ಲ. ಸಂಜೆ ನಮ್ಮ ಮನೆಗೆ ಒಂದು ಮೊರ ಅವರೆಕಾಯಿ ಕೊಟ್ಟು ಹೋದರು.

ಎರಡು ವಾರದ ನಂತರ ಅಂಗಡಿಯಲ್ಲಿ ನಾನು ಬರೆದ ಒಂದು ಕಾಗದವನ್ನು ಹೆಡ್ ಗುಮಾಸ್ತರು ಹಿಂದಕ್ಕೆ ಕಳಿಸಿದರು. ರೈಲಿನಲ್ಲಿ ಹೋಗುವ ಬಟ್ಟೆಯ ಮೂಟೆಗಳು, ಅಂದರೆ ಬೇಲುಗಳು, ನೆನೆಯದಂತೆ ನೋಡಿಕೊಳ್ಳುತ್ತೇವೆ ಎನ್ನುವ ಕಡೆ ನಾನು ‘ಅಶ್ಯೂರ್’ ಹಾಕಿದ್ದೆ. ಅವರು ಮುದುಕರು, ಸಮಾಧಾನದ ಮನುಷ್ಯ. ಪಕ್ಕದಲ್ಲಿ ಕೂರಿಸಿಕೊಂಡು ಬಿಡಿಸಿ ಹೇಳಿದರು.

“ಬೇಲಿನ ಮೇಲೆ ಟಾರ್ಪಾಲು ಹೊದಿಸಿ ಕಟ್ಟೋದು ಎನ್‌ಶೂರ್. ಆದ್ರೂ ನೆನೆದ್ರೆ ನಷ್ಟ ತುಂಬ್ಕೊಡೋಕೆ ವಿಮೆ ಮಾಡ್ಸೋದು ಇನ್‌ಶೂರ್. ನೆನೆಯಲ್ಲ ಸ್ವಾಮಿ ಅಂತ ಗಿರಾಕಿಗೆ ಹೇಳೋದು ಅಶ್ಯೂರ್. ಅವನು ಆಮೇಲೂ ಹೆದರ್ಕೊಂಡ್ರೆ ಮತ್ತೆ ಧೈರ್ಯ ಹೇಳೋದು ರೀಅಶ್ಯೂರ್. ಬರೀ ಹೇಳಿದ್ದಕ್ಕೆ ಬಟ್ಟೆ ಒಣಗಿರಲ್ಲಪ್ಪ.”

ಆಗ ಅಜ್ಜಿಯ ಕಾಗದ ನೆನಪಾಯಿತು. ಅದರಲ್ಲಿದ್ದದ್ದು ಬರಿಯ ಹೇಳಿಕೆ. ಅದೂ ಬಾವಿಯನ್ನು ಉಳಿಸುವ ಹೇಳಿಕೆಯಲ್ಲ, ಪರಿಶೀಲಿಸುವ ಹೇಳಿಕೆ.

ಅವತ್ತೇ ಹೋಗಿ ಹೇಳಬೇಕಿತ್ತು. ಸಂಜೆ ಮನೆಗೆ ಬರುವಾಗ ಅಜ್ಜಿ ಬಾವಿಕಟ್ಟೆಯ ಮೇಲೆ ಕೂತು ನನ್ನ ತಾಯಿಯ ಜೊತೆ ಮಾತಾಡುತ್ತಿದ್ದರು. ನನ್ನನ್ನು ತೋರಿಸಿ, ಇಂಥ ಓದಿದ ಮಗ ಇರಬೇಕು ಎಂದರು. ನಾನು ತಲೆ ತಗ್ಗಿಸಿ ಒಳಗೆ ಹೋದೆ. ನಾಳೆ ಹೇಳೋಣ ಎಂದುಕೊಂಡೆ. ಮರುದಿನವೂ ಹಾಗೆಯೇ ಅಂದುಕೊಂಡೆ. ಪರಿಶೀಲಿಸಿ ಅವರೇ ಉಳಿಸಿದರೂ ಉಳಿಸಬಹುದು, ಸುಮ್ಮನೆ ಮುದುಕಿಯನ್ನು ಯಾಕೆ ಹೆದರಿಸಬೇಕು ಎಂಬ ನೆಪವೂ ಸಿಕ್ಕಿತು. ನಿಜವಾಗಿ ನನಗಿದ್ದದ್ದು ಒಂದೇ ಭಯ: ನನಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲವೆಂದು ಬೀದಿಗೆಲ್ಲ ಗೊತ್ತಾಗುತ್ತದೆ ಎಂದು.

ಹಾಗೆ ಒಂಬತ್ತು ದಿನ ಕಳೆದವು. ಹತ್ತನೆಯ ದಿನ ಕೆಲಸ ಮುಗಿಸಿ ಬಂದಾಗ ಬಾವಿಯ ಜಾಗದಲ್ಲಿ ಕೆಮ್ಮಣ್ಣಿನ ಗುಡ್ಡೆಯಿತ್ತು. ಹೆಂಗಸರು ಖಾಲಿ ಬಿಂದಿಗೆ ಹಿಡಿದು ನಿಂತಿದ್ದರು. ಅಜ್ಜಿ ಕಿತ್ತು ಹಾಕಿದ ಕಟ್ಟೆಗಲ್ಲೊಂದರ ಮೇಲೆ ಕೂತಿದ್ದರು, ಕೈಯಲ್ಲಿ ಅದೇ ಕಾಗದ.

“ಓವರ್‌ಸಿಯರ್‌ಗೆ ತೋರಿಸ್ದೆ ಕಣ್ ಮಗ. ಬಾವಿ ಮುಚ್ಚಲ್ಲ ಅಂತ ಇದ್ರಲ್ಲಿ ಎಲ್ಲೈತೆ ಅಂದ.”

ನಾನು ತಪ್ಪಾಗಿ ಓದಿದೆ ಎಂದೆ. ಅಜ್ಜಿ ನನ್ನ ಮುಖ ನೋಡಿ, ಪಾಪ ನೀನೇನು ಬೇಕಂತ ಓದಿದೆಯಾ, ಹೋಗಲಿ ಬಿಡು ಎಂದು ನನ್ನನ್ನೇ ಸಮಾಧಾನ ಮಾಡಲು ಹೊರಟರು. ಅದನ್ನು ತಡೆಯಲಾಗಲಿಲ್ಲ. ತಪ್ಪೆಂದು ನನಗೆ ಗೊತ್ತಾಗಿ ಒಂಬತ್ತು ದಿನವಾಯಿತು, ನಾಚಿಕೆಗೆ ಹೇಳಲಿಲ್ಲ ಎಂದು ಎಲ್ಲರ ಎದುರಿಗೇ ಹೇಳಿದೆ. ಅಜ್ಜಿ ಕಾಗದವನ್ನು ಮಡಿಸಿ ಸೆರಗಿನ ಗಂಟಿಗೆ ಕಟ್ಟಿಕೊಂಡರು.

“ಒಂಬತ್ತು ದಿನ ಇತ್ತಲ್ಲ ಮಗ. ಉಳಿಸ್ತಿದ್ರೋ ಬಿಡ್ತಿದ್ರೋ. ಹೋಗಿ ಕೇಳಾದ್ರೂ ಕೇಳ್ತಿದ್ದೆ.”

ಬೈದಿದ್ದರೆ ಚೆನ್ನಾಗಿತ್ತು. ನನ್ನ ತಾಯಿಯೂ ಬೈಯಲಿಲ್ಲ. ಮಾರನೆಯ ದಿನದಿಂದ ದೂರದ ನಲ್ಲಿಯ ನೀರನ್ನು ನಾನೇ ಹೊತ್ತು ತರತೊಡಗಿದೆ. ಅದರಿಂದ ಹೆಗಲು ನೋಯುತ್ತಿತ್ತೇ ಹೊರತು ಮನಸ್ಸು ಹಗುರಾಗಲಿಲ್ಲ.

ಮಣ್ಣಿನ ಮನೆಯನ್ನೂ ಕೆಡವಿದ ಮೇಲೆ ಅಜ್ಜಿ ಬ್ಯಾಡರಹಳ್ಳಿಯ ಮಗಳ ಮನೆಗೆ ಹೋದರು. ಕೆಲವು ತಿಂಗಳಾದ ಮೇಲೆ ಒಂದು ಭಾನುವಾರ ಮಾಗಡಿ ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ನೋಡಲು ಹೋದೆ. ಅಜ್ಜಿ ಮಜ್ಜಿಗೆ ಕೊಟ್ಟರು, ನನ್ನ ತಾಯಿಯ ಮಂಡಿನೋವು ಹೇಗಿದೆ ಎಂದು ವಿಚಾರಿಸಿದರು. ಬಾವಿಯ ಮಾತೆತ್ತಲಿಲ್ಲ. ಗೋಡೆಯ ಗೂಡಿನಲ್ಲಿ ಸರ್ಕಾರಿ ಮೊಹರಿನ ಯಾವುದೋ ಹೊಸ ಕಾಗದವಿತ್ತು. ಓದಿ ಹೇಳಲೇ ಎಂದು ಕೈ ಚಾಚಿದೆ.

“ಬ್ಯಾಡ ಬಿಡು. ಸ್ಕೂಲ್ ಮೇಷ್ಟ್ರು ಬತ್ತಾರೆ,” ಎಂದರು ಅಜ್ಜಿ. ದನಿಯಲ್ಲಿ ಕೋಪವಿರಲಿಲ್ಲ.

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಲೋಟದಲ್ಲಿ ಉಳಿದಿದ್ದ ಮಜ್ಜಿಗೆ ಕುಡಿದೆ.