ಸೈರನ್ನಿನಷ್ಟೇ ಕರಾರುವಾಕ್ಕು

ಹಳೆಯ ಲ್ಯಾಪ್‌ಟಾಪನ್ನು ರಿಪೇರಿ ಅಂಗಡಿಯ ಮೇಜಿನ ಮೇಲೆ ಇಟ್ಟಾಗ ಅಂಗಡಿಯವನು ಸ್ಕ್ರೂ ಬಿಚ್ಚುವ ಮೊದಲೇ ನಕ್ಕ. “ಏನಣ್ಣಾ, ಎಂಟರ್ ಕೀಗೆ ಪೂಜೆ ಮಾಡ್ಸಿದ್ದೀರಾ?”

ಬಗ್ಗಿ ನೋಡಿದೆ. ಕೀ ಮೇಲಿನ ಬಾಣದ ಗುರುತು ಯಾವಾಗಲೋ ಸವೆದುಹೋಗಿತ್ತು. ಅಂಚಿನ ಸಂದಿಯಲ್ಲಿ ಮಾತ್ರ ಕುಂಕುಮ ಇನ್ನೂ ಕೂತಿತ್ತು, ಒಣಗಿ, ಕಪ್ಪಗೆ... ಅವನು ಬ್ರಷ್ ಕೈಗೆತ್ತಿಕೊಂಡ. “ಬ್ಯಾಟರಿ ಮಾತ್ರ ನೋಡಪ್ಪಾ” ಎಂದೆ.

ಯಂತ್ರಕ್ಕೆ ಕುಂಕುಮ ಇಡುವ ಪೈಕಿ ನಾನಲ್ಲ. ಆಯುಧಪೂಜೆಯ ದಿನ ಸೈಕಲ್ ಚಕ್ರದ ಕೆಳಗೆ ಇಡಬೇಕಿದ್ದ ನಿಂಬೆಹಣ್ಣನ್ನು ಷರಬತ್ತು ಮಾಡಿಕೊಂಡು ಕುಡಿದವನು ನಾನು. ಆ ಕುಂಕುಮ ಇಟ್ಟವರು ಪಕ್ಕದ ಮನೆಯ ಮಾಮ.

ಊರಿಗಾಂನ ಚಿನ್ನದ ಗಣಿಯ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರು ಕೆಮ್ಮಿದರೆ ಅಮ್ಮ ಇಲ್ಲಿಂದಲೇ “ಕಷಾಯ ಕುಡೀರಿ” ಎನ್ನುವಷ್ಟು ತೆಳ್ಳನೆಯ ಗೋಡೆ. ಗಣಿ ಮುಚ್ಚುವವರೆಗೆ ಅವರು ಹಾಜರಿ ಬರೆಯುವ ಟೈಮ್ ಆಫೀಸಿನಲ್ಲಿದ್ದರು. ಪಾಳಿ ಬದಲಾಗುವಾಗ ಸೈರನ್ ಕೂಗಿಸುತ್ತಿದ್ದವರಲ್ಲಿ ಅವರೂ ಒಬ್ಬರು. ಗಣಿ ಮುಚ್ಚಿದ ಮೇಲೆ, ತಂದೆಯಿಂದ ಕಲಿತಿದ್ದ ಪಂಚಾಂಗವನ್ನು ಹೊರಗೆ ತೆಗೆದು ಜಾತಕ ಬರೆಯಲು ಕೂತರು. ಎರಡೂ ಒಂದೇ ಕೆಲಸ, ಜನಕ್ಕೆ ಸರಿಯಾದ ಸಮಯ ಹೇಳುವ ಕೆಲಸ, ಎಂಬುದು ಅವರ ವಾದ.

ವಾದದಲ್ಲಿ ಸ್ವಲ್ಪ ಹುರುಳಿತ್ತು ಎಂದು ಒಪ್ಪಬೇಕು. ಗಣಿ ನಡೆಯುತ್ತಿದ್ದಾಗ ನಮ್ಮ ಲೈನುಗಳಲ್ಲಿ ಗಡಿಯಾರಕ್ಕಿಂತ ಸೈರನ್ ದೊಡ್ಡದಂತೆ. ಆ ಕೂಗು ನನ್ನ ಕಿವಿಗೆ ಬಿದ್ದಿಲ್ಲ, ನಾನು ಹುಟ್ಟುವಷ್ಟರಲ್ಲಿ ಗಣಿ ಮುಚ್ಚಿತ್ತು. ಒಲೆ ಹಚ್ಚುವುದು, ಮಕ್ಕಳನ್ನು ಎಬ್ಬಿಸುವುದು ಎಲ್ಲಾ ಅದರ ಕೂಗಿನ ಮೇಲೆ. ಮನೆಯಲ್ಲೇ ಹೆರಿಗೆಯಾದರೂ ಅಷ್ಟೇ. ಮಗು ಹುಟ್ಟಿದ್ದು ಯಾವಾಗ ಎಂದರೆ “ಸೈರನ್ ಕೂಗೋಕೆ ಮುಂಚೆ”, ಇಲ್ಲವೇ “ಕೂಗ್ತಾ ಕೂಗ್ತಾನೇ”. ಮಾಮ ಆ ಮಾತನ್ನು ಗಂಟೆ, ನಿಮಿಷಕ್ಕೆ ಇಳಿಸಿ ಜಾತಕ ಬರೆಯುತ್ತಿದ್ದರು. “ನಮ್ ಸೈರನ್ನು ಒಂದಿನಕ್ಕೂ ಇಂದೆ ಮುಂದೆ ಆಗಿಲ್ಲ ಕಣ್ಲಾ. ಅದಕ್ಕೇ ನನ್ ಜಾತಕ ಸುಳ್ಳಾಗಲ್ಲ” ಎನ್ನುತ್ತಿದ್ದರು, ನನ್ನನ್ನು ಕಂಡಾಗಲೆಲ್ಲ.

ಆಗ ನಾನು ಕಾಲೇಜಿನ ಚರ್ಚಾ ತಂಡದಲ್ಲಿ ವಿರೋಧ ಪಕ್ಷದ ಕಾಯಂ ಸದಸ್ಯ. ಎದುರಾಳಿ ಸಿಗದ ದಿನ ಜಗಲಿಯ ಮೇಲೆ ಅವರೇ ನನ್ನ ಎದುರಾಳಿ. ಗ್ರಹ, ದೆಸೆ, ದೋಷ, ಒಂದನ್ನೂ ಬಿಡದೆ ಎಳೆದಾಡುತ್ತಿದ್ದೆ. ಆದ್ದರಿಂದ, ಫೋನಿನ ಆ್ಯಪುಗಳು ಪುಕ್ಕಟೆ ಜಾತಕ ಕೊಡತೊಡಗಿ ಗಿರಾಕಿಗಳು ಕಡಿಮೆಯಾದಾಗ, ಅವರು ಬಂದು “ನಂಗೊಂದು ವೆಬ್‌ಸೈಟ್ ಮಾಡ್ಕೊಡ್ಲಾ” ಎಂದರೆ ನಾನು ಏನು ಹೇಳಿರಬಹುದು ಎಂದು ಊಹಿಸಿಕೊಳ್ಳಿ. ಮೂಢನಂಬಿಕೆಗೆ ಮನೆ ಕಟ್ಟಿಕೊಡುವ ಮೇಸ್ತ್ರಿ ನಾನಲ್ಲ ಎಂದೆ. ಅವರು ನಕ್ಕು ಹೋದರು.

ಅದೇ ತಿಂಗಳು ಅಕ್ಕನ ವಿಷಯ ಬಂತು.

ಅಕ್ಕ ಬಂಗಾರಪೇಟೆಯ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ಔಷಧಿಯ ಪೆಟ್ಟಿಗೆ ತಂದು ಇಳಿಸುತ್ತಿದ್ದ ವ್ಯಾನ್ ಡ್ರೈವರ್ ಕಾಮಸಮುದ್ರದ ಕಡೆಯವನು. ಇಬ್ಬರ ಮನಸ್ಸೂ ಕೂಡಿತ್ತು. ಅವನಿಗೆ ತಂದೆ ಇರಲಿಲ್ಲ, ತಾಯಿಯ ಮಾತೇ ಕಡೆಯ ಮಾತು. ಆಕೆ ಜಾತಿ ಕೇಳಲಿಲ್ಲ, ಒಡವೆ ಕೇಳಲಿಲ್ಲ. ಒಂದೇ ಷರತ್ತು: ತಮ್ಮ ಮನೆಯ ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟುಕೊಟ್ಟ ಊರಿಗಾಂನ ಸಾಮಿ ಜಾತಕ ನೋಡಿ ‘ಆಗಲಿ’ ಎನ್ನಬೇಕು. ಆ ಸಾಮಿ ಎಂದರೆ ನಮ್ಮ ಮಾಮ. ಸೈರನ್ ಕೂಗುವಾಗ ಹುಟ್ಟಿದಳು ಎಂದು ಅಮ್ಮ ಹೇಳಿದ್ದರ ಮೇಲೆ ಅಕ್ಕನ ಜಾತಕ ಬರೆದಿದ್ದವರೂ ಅವರೇ. ಆಶ್ಲೇಷಾ ನಕ್ಷತ್ರ, ನಾಲ್ಕನೆಯ ಪಾದ.

ಆಶ್ಲೇಷದ ಹೆಣ್ಣು ಅತ್ತೆಗೆ ಆಗುವುದಿಲ್ಲ, ಕಡೆಯ ಪಾದವಂತೂ ಅತ್ತೆಯ ಪ್ರಾಣಕ್ಕೇ ಕುತ್ತು ಎನ್ನುತ್ತಾರೆ. ಈ ಮದುವೆ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು ಅದೇ ಅತ್ತೆ!

ಅಕ್ಕ ಅಳಲಿಲ್ಲ. ಬಡಿಸಿದ ತಟ್ಟೆಯ ಮುಂದೆ ಉಣ್ಣದೆ ಕೂತಿರುತ್ತಿದ್ದಳು. ಆ ಭಾನುವಾರ ಹುಡುಗನ ತಾಯಿ ನಮ್ಮ ಮನೆಗೆ ಬರುವವರಿದ್ದರು. ನಾನು ಪಕ್ಕದ ಮನೆಗೆ ಜಗಳಕ್ಕೇ ಹೋದೆ. ಜಗಳವಾಡಿದೆ. ಕೊನೆಗೆ, ಚರ್ಚೆಯಲ್ಲಿ ಎಂದೂ ಮಾಡದ ಕೆಲಸ ಮಾಡಿದೆ, ಚೌಕಾಸಿಗೆ ಇಳಿದೆ. “ವೆಬ್‌ಸೈಟ್ ಮಾಡಿಕೊಡ್ತೀನಿ. ನೀವು ಅಕ್ಕನ ಜಾತಕ ಇನ್ನೊಂದು ಸಲ ನೋಡಿ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನೋಡ್ತೀನಿ. ಕಂಡಿದ್ದೇ ಏಳ್ತೀನಿ. ಅದಕ್ಕಿಂತ ಜಾಸ್ತಿ ಕೇಳ್ಬ್ಯಾಡ.”

ಹೀಗೆ ನನ್ನ ಮೊದಲ ವೆಬ್‌ಸೈಟು ಒಬ್ಬ ಜ್ಯೋತಿಷಿಯದಾಯಿತು. ಅವರ ಹೆಸರಿನಲ್ಲೇ ವಿಳಾಸ ಕೊಂಡೆವು. ಪುಟಗಳನ್ನು ಇಡಲು ಶೇರ್ಡ್ ಹೋಸ್ಟಿಂಗ್ ಖಾತೆ ತೆರೆದೆವು. ಅದೇನೆಂದು ಕೇಳಿದರು. ಎಲ್ಲೋ ಇರುವ ಒಂದೇ ಕಂಪ್ಯೂಟರಿನಲ್ಲಿ ನೂರಾರು ಸೈಟುಗಳು ಬಾಡಿಗೆಗೆ ಇರುತ್ತವೆ, ನಮ್ಮ ಲೈನ್ ಮನೆಗಳ ಹಾಗೆ ಎಂದೆ.

“ನಮ್ ಪಕ್ಕದಾಗೆ ಯಾರವ್ರೆ?”

“ಅದು ಗೊತ್ತಾಗಲ್ಲ ಮಾಮ. ಚಪ್ಪಲಿ ಅಂಗಡಿಯವರು ಇರಬಹುದು, ಕೋಳಿ ಫಾರಂನವರು ಇರಬಹುದು.”

“ಪಕ್ಕದೋರು ಯಾರಂತ ಗೊತ್ತಿಲ್ದೆ ಎಂಗ್ಲಾ ಸಂಸಾರ ಮಾಡೋದು? ಅಲ್ಲೂ ನಿನ್ನಂತೋನೇ ಗಂಟುಬಿದ್ರೆ?”

ಮೊದಲ ಪುಟದಲ್ಲಿ ಅವರ ಫೋಟೊ. ಅದರ ಕೆಳಗೆ ಏನು ಬರೆಯಬೇಕೆಂದು ಅವರೇ ಹೇಳಿದರು: ‘ಗಣಿ ಸೈರನ್ನಿನಷ್ಟೇ ಕರಾರುವಾಕ್ಕು.’ ನಾನು ಆಕ್ಷೇಪ ಎತ್ತಿದೆ. ಅವರು ಕೇಳಲಿಲ್ಲ. ಅವರ ಬದುಕಿನ ಎರಡು ಹೆಮ್ಮೆಗಳೂ ಆ ಒಂದು ಸಾಲಿನಲ್ಲಿದ್ದವು.

ಸೈಟು ಶುಕ್ರವಾರ ಬೆಳಗ್ಗೆ ಅವರೇ ಇಟ್ಟ ಮುಹೂರ್ತದಲ್ಲಿ ತೆರೆಯಬೇಕಿತ್ತು. ಪುಟಗಳೆಲ್ಲ ಹೋಸ್ಟಿಂಗಿನಲ್ಲಿ ಸಿದ್ಧವಾಗಿದ್ದವು. ಕೊಂಡ ವಿಳಾಸವನ್ನು ಆ ಜಾಗದ ಕಡೆಗೆ ತಿರುಗಿಸುವುದೊಂದೇ ಬಾಕಿ. ಮಾಮ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಬಂದು ಕೂತರು. ಉಂಗುರಬೆರಳಿನಿಂದ ಎಂಟರ್ ಕೀಗೆ ಕುಂಕುಮ ಇಟ್ಟರು. ಕೈಗಡಿಯಾರ ನೋಡುತ್ತಾ “ಊಂ, ಈಗ” ಎಂದರು. ಒತ್ತಿದೆ.

ಆಮೇಲೆ ವಿಳಾಸ ಬರೆದು ತೆರೆದರೆ... ಈ ಸೈಟ್ ಸಿಗುತ್ತಿಲ್ಲ ಎಂಬ ಬೂದು ಪುಟ.

ವಿಳಾಸ ತಿರುಗಿದ ಸುದ್ದಿ ಎಲ್ಲ ಕಡೆಗೂ ಹಬ್ಬಲು ಹೊತ್ತು ಹಿಡಿಯುತ್ತದೆ ಎಂದು ಓದಿದ್ದೆ. ಎಷ್ಟು ಹೊತ್ತು ಎಂದು ಎಲ್ಲೂ ಸರಿಯಾಗಿ ಬರೆದಿರಲಿಲ್ಲ. ಮತ್ತೆ ತೆರೆದೆ, ಅದೇ ಬೂದು ಪುಟ. ಮಾಮ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಮುಹೂರ್ತ ಮೀರುತ್ತಿತ್ತು. ಎಂಟರ್ ಒತ್ತಿ ಒತ್ತಿ ಕುಂಕುಮ ನನ್ನ ಬೆರಳಿಗೆಲ್ಲ ಮೆತ್ತಿಕೊಂಡಿತು. ಸೈಟು ಕೆಟ್ಟರೆ ಕೆಡಲಿ, ಈ ಮನುಷ್ಯ ಇದನ್ನೇ ಅಪಶಕುನ ಎಂದು ಜಾತಕವನ್ನು ಮುಟ್ಟದೆ ಹೋದರೆ? ಕಣ್ಣ ಮುಂದೆ ಅಕ್ಕನ ತಟ್ಟೆ ಬರುತ್ತಿತ್ತು.

ಫೋನ್ ಹೊಡೆದುಕೊಂಡಿತು. ಬಂಗಾರಪೇಟೆಯಿಂದ ಅಕ್ಕ. “ಲೋ, ನನ್ ಮೊಬೈಲಾಗೆ ಬಂತು ಕಣೋ! ಮಾಮನ ಫೋಟೊ ಬಂತು. ಅದೇನು, ಅಷ್ಟು ದಪ್ಪ ಕಾಣ್ತಾರೆ?”

ನಮ್ಮಲ್ಲಿ ಇನ್ನೂ ಬೂದು ಪುಟವೇ. ಊರಿಗಾಂನಲ್ಲಿ ಅದು ತೆರೆದಾಗ ಬಿಸಿಲು ನೆತ್ತಿಗೆ ಬಂದಿತ್ತು, ಮುಹೂರ್ತ ಯಾವಾಗಲೋ ಕಳೆದಿತ್ತು.

ಮಾಮ ಪಂಚಾಂಗ ಎಳೆದುಕೊಂಡರು. ಸೈಟಿಗೂ ಜಾತಕ ಬರೆಯಬೇಕೆಂದು ಅವರ ಆಸೆ. ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು. “ಯಾವ ಟೈಮ್ ಬರ್ಕೊಳ್ಳಾನ?” ಎಂದರು, ತಮಗೆ ತಾವೇ.

ಅಂಥ ಅವಕಾಶ ಬಿಟ್ಟರೆ ನಾನು ಚರ್ಚಾಪಟುವೇ ಅಲ್ಲ. “ಅದನ್ನೇ ಕೇಳ್ತಿದೀನಿ ಮಾಮ. ಎಂಟರ್ ಒತ್ತಿದ್ದೋ? ಬಂಗಾರಪೇಟೆಯಲ್ಲಿ ಕಂಡಿದ್ದೋ? ಇಲ್ಲಿ ಕಂಡಿದ್ದೋ? ಕಣ್ಣ ಮುಂದೆ ಹುಟ್ಟಿದ ಸೈಟಿನ ಟೈಮೇ ನಿಮಗೆ ಗೊತ್ತಿಲ್ಲ. ಸೈರನ್ ಕೇಳಿಸಿತು ಅಂತ ಅಮ್ಮ ಹೇಳಿದ ಒಂದು ಮಾತಿನ ಮೇಲೆ ಅಕ್ಕನ ಬಾಳು ನಿಲ್ಲಿಸಿದ್ದೀರಿ. ಆ ಸೈರನ್ ಸರಿಯಾಗಿತ್ತು ಅನ್ನೋದಕ್ಕೆ ಸಾಕ್ಷಿ ಯಾರು?”

ಅವರ ಮುಖ ಕೆಂಪಗಾಯಿತು. ಪಂಚಾಂಗ ಮುಚ್ಚಿದರು. “ಎದ್ದೋಗ್ಲಾ” ಎಂದರು. ನಾನು ಎದ್ದು ಬಂದೆ.

ಅಷ್ಟು ಚೆನ್ನಾಗಿ ನಾನು ಯಾವ ವೇದಿಕೆಯ ಮೇಲೂ ವಾದಿಸಿರಲಿಲ್ಲ. ಅಷ್ಟು ಭಯವೂ ಎಂದೂ ಆಗಿರಲಿಲ್ಲ. ಶನಿವಾರವಿಡೀ ಗೋಡೆಯ ಆಚೆಯಿಂದ ಒಂದು ಕೆಮ್ಮೂ ಕೇಳಿಸಲಿಲ್ಲ. ಅಮ್ಮ ಎರಡು ಸಲ ಗೋಡೆಯ ಕಡೆ ನೋಡಿದಳು.

ಭಾನುವಾರ ಹುಡುಗನೂ ಅವನ ತಾಯಿಯೂ ಬಂದರು. ಆಕೆ ಚಾಪೆಯ ಮೇಲೆ ನೆಟ್ಟಗೆ ಕೂತರು. ಕೊಟ್ಟ ಕಾಫಿ ಮುಟ್ಟಲಿಲ್ಲ. ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ಅವಳು ಬಳೆ ಸದ್ದು ಮಾಡದಂತೆ ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದು ನನಗೆ ಮಾತ್ರ ಕಾಣುತ್ತಿತ್ತು. ಮಾಮ ಬಂದರು. ನನ್ನ ಕಡೆ ನೋಡಲಿಲ್ಲ.

“ಸಾಮಿ, ನೀವು ಊಂ ಅಂದ್ರೆ ಊಂ, ಊಹೂಂ ಅಂದ್ರೆ ಊಹೂಂ” ಎಂದರು ಆಕೆ.

ಮಾಮ ಜಾತಕ ಬಿಡಿಸಿದರು. ಅದರಲ್ಲಿ ಅವರದೇ ಅಕ್ಷರ. ಓದಿದರು, ಮತ್ತೆ ಮೊದಲಿನಿಂದ ಓದಿದರು. ಅಷ್ಟರಲ್ಲಿ ಕಾಫಿಯ ಮೇಲೆ ಕೆನೆ ಕಟ್ಟಿತು...

“ಇದ್ರಾಗೆ ಟೈಮು ತಪ್ಪೈತೆ ಕಣಮ್ಮ” ಎಂದರು ಕೊನೆಗೆ. “ಈ ಮಗು ಉಟ್ಟಿದ್ ದಿನ ಸೈರನ್ನು ಅರ್ಧ ಗಂಟೆ ತಡವಾಗಿ ಕೂಗ್ತು.”

“ಅದು ನಿಮಗೆಂಗೆ ಗೊತ್ತು ಸಾಮಿ?”

“ಕೂಗ್ಸಿದೋನು ನಾನೇ. ಕೂತಲ್ಲೇ ನಿದ್ದೆ ಓಗ್ಬಿಟ್ಟಿದ್ದೆ.”

ಅರ್ಧ ಗಂಟೆ ಮುಂದಕ್ಕೆ ಹೋದರೆ ಆಶ್ಲೇಷ ಮುಗಿದು ಮಖಾ ನಕ್ಷತ್ರ, ದೋಷವಿಲ್ಲ, ಎಂದು ಅವರು ಬಿಡಿಸಿ ಹೇಳಿದರು. ಆ ದಿನ ಸೈರನ್ ಯಾವಾಗ ಕೂಗಿತ್ತೆಂದು ತಿಳಿದಿದ್ದವಳು ಅಲ್ಲಿ ಇನ್ನೊಬ್ಬಳೇ, ಅಮ್ಮ. ಅವಳು ತಲೆ ತಗ್ಗಿಸಿ ಸೆರಗಿನ ಅಂಚು ನೋಡುತ್ತಿದ್ದಳು. ಹುಡುಗನ ತಾಯಿ ಮಾಮನ ಮುಖವನ್ನು ಬಹಳ ಹೊತ್ತು ನೋಡಿ, ತಣ್ಣಗಾದ ಕಾಫಿಯನ್ನು ಎತ್ತಿ ಒಂದೇ ಗುಟುಕಿಗೆ ಕುಡಿದರು. “ಎಲೆ ಅಡಿಕೆ ತಕ್ಕೊಂಬಾಮ್ಮ” ಎಂದರು. ಬಾಗಿಲ ಹಿಂದೆ ಬಳೆಗಳು ಸದ್ದು ಮಾಡಿದವು.

ಲೈನಿನಲ್ಲಿ ಮಾತು ನಿಲ್ಲುತ್ತದೆಯೇ? ವಾರದೊಳಗೆ ಜನ ಜಾತಕ ಹಿಡಿದುಕೊಂಡು ಬರತೊಡಗಿದರು, ಹೊಸದು ಬರೆಸಲು ಅಲ್ಲ. “ಸಾಮಿ, ನಮ್ ಉಡ್ಗೀದೂ ಸೈರನ್ ಟೈಮೇ ಅಲ್ವಾ? ಅವತ್ತೂ ನಿದ್ದೆ ಬಂದಿತ್ತಾ?” ಕೆಲವರು ನಕ್ಕರು. ಕೆಲವರು ನಗಲೂ ಇಲ್ಲ, ಬರುವುದನ್ನೇ ಬಿಟ್ಟರು. ಒಂದು ಸಂಜೆ ಮಾಮ ನನ್ನನ್ನು ಕರೆದು, ಲ್ಯಾಪ್‌ಟಾಪ್ ತೆರೆಯಲು ಹೇಳಿ, ತಮ್ಮ ಫೋಟೊದ ಕೆಳಗೆ ಬೆರಳಿಟ್ಟರು. “ಆ ಸಾಲು ತೆಗ್ದಾಕ್ಲಾ.”

ತೆಗೆದುಹಾಕಿದೆ. ಆ ಜಾಗ ಖಾಲಿಯೇ ಉಳಿಯಿತು.

ತಡೆಯಲಾಗದೆ ಕೇಳಿದೆ. “ಮಾಮ, ಅವತ್ತು ನಿಜವಾಗಲೂ ತಡ ಆಗಿತ್ತಾ?”

“ಡಿಬೇಟಾಗೆ ಎದುರು ಪಾರ್ಟಿ ಸೋತೆ ಅಂದ್ರೆ, ನಿಜವಾಗ್ಲೂ ಸೋತ್ಯಾ ಅಂತ ಕೇಳ್ತೀಯೇನ್ಲಾ?” ಎಂದು ಪರದೆಯನ್ನು ತಾವೇ ಮುಚ್ಚಿದರು.

ನಿಜವಾಗಿದ್ದರೆ, ಅಷ್ಟು ವರ್ಷ ಅವರು ಕೊಚ್ಚಿಕೊಂಡ ಜಂಬವೆಲ್ಲ ಸುಳ್ಳು. ಸುಳ್ಳಾಗಿದ್ದರೆ, ಕಂಡದ್ದನ್ನೇ ಹೇಳುತ್ತೇನೆ ಎಂದ ಮನುಷ್ಯ ಅಕ್ಕನಿಗಾಗಿ ಕಾಣದ್ದನ್ನು ಹೇಳಿದರು. ಎರಡೂ ಪಕ್ಷದಲ್ಲಿ ನಿಂತು ನಾನು ವಾದಿಸಬಲ್ಲೆ. ತೀರ್ಪು ಹೇಳಲಾರೆ. ಅಕ್ಕನ ಅತ್ತೆ ಇಂದಿಗೂ ಗುಂಡುಕಲ್ಲಿನ ಹಾಗಿದ್ದಾರೆ. ಅಕ್ಕನದು ಆಶ್ಲೇಷವೇ ಆಗಿದ್ದರೆ ಗೆದ್ದವನು ನಾನು, ಮಖವಾಗಿದ್ದರೆ ಗೆದ್ದವರು ಅವರು. ಇದನ್ನು ಹೇಳಿ ಅವರನ್ನು ಕೆಣಕಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ...

ಕಳೆದ ವರ್ಷ ಮಾಮ ತೀರಿಹೋದರು. ಆ ಗಲಾಟೆಯಲ್ಲಿ ಹೋಸ್ಟಿಂಗ್ ನವೀಕರಿಸುವುದು ಯಾರಿಗೂ ನೆನಪಾಗಲಿಲ್ಲ. ಈಗ ಆ ವಿಳಾಸ ಬರೆದರೆ ಮತ್ತೆ ಅದೇ ಬೂದು ಪುಟ ಬರುತ್ತದೆ, ಊರಿಗಾಂನಲ್ಲೂ, ಬಂಗಾರಪೇಟೆಯಲ್ಲೂ.

ಹೋದ ವಾರ ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಅಕ್ಕನಿಗೆ ಹೆರಿಗೆಯಾಯಿತು. ಹೊರಗಿನ ಬೆಂಚಿನ ಮೇಲೆ ಅವಳ ಅತ್ತೆಯೂ ನಾನೂ ಕೂತಿದ್ದೆವು. ಒಳಗೆ ಮಗು ಅತ್ತ ಸದ್ದು ಕೇಳಿದ್ದೇ ತಡ, ನನ್ನ ಕೈ ಜೇಬಿನಿಂದ ಫೋನ್ ತೆಗೆದಿತ್ತು. ನಾನು ಸಮಯ ನೋಡುತ್ತಿದ್ದೆ.

“ಟೈಮ್ ನೋಡ್ಕೊಂಡ್ಯೇನಪ್ಪಾ?” ಎಂದರು ಆಕೆ.

“ನೋಡ್ದೆ ಅತ್ತೆ.”

“ಯಾರತ್ರ ಏಳಿ ಜಾತ್ಕ ಬರ್ಸಾನ ಈಗ?”